ಕೆಂಪು ಮಳೆ, ಧೂಮಕೇತು, ವೈರಸ್: "ರೋಗಗಳು ಆಕಾಶದಿಂದ ಬಂದವು" ಎಂಬ ವಾದವನ್ನು ಪರೀಕ್ಷಿಸುವುದು ಹೇಗೆ?

ನೆಲಮುಗಿಲು:

ಹೈಸ್ಕೂಲ್ ಮಕ್ಕಳ ವಿಜ್ಞಾನ ಸಂಘಕ್ಕೆ ಒಂದು ಚರ್ಚೆ ಸಿದ್ಧ ಮಾಡುತ್ತಿದ್ದೇವೆ. ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಒಂದು ಉದ್ದನೆಯ ಫಾರ್ವರ್ಡ್ ಈ ಚರ್ಚೆಗೆ ಕಾರಣ. ಅದರಲ್ಲಿ ಮೂರು ಮಾತಿವೆ. ಒಂದು, 2001ರಲ್ಲಿ ಕೇರಳದಲ್ಲಿ ಬಿದ್ದ ಕೆಂಪು ಮಳೆಯಲ್ಲಿ ಡಿಎನ್‌ಎ ಇಲ್ಲದ ಅನ್ಯಲೋಕದ ಜೀವಕೋಶಗಳಿದ್ದವು. ಎರಡು, 1918ರ ಫ್ಲೂ, ಸಾರ್ಸ್, ಕೋವಿಡ್ ಎಲ್ಲವೂ ಧೂಮಕೇತುವಿನ ದೂಳಿನಿಂದ ಭೂಮಿಗೆ ಬಂದವು. ಇದನ್ನು ಫ್ರೆಡ್ ಹಾಯ್ಲ್‌ರಂಥ ದೊಡ್ಡ ವಿಜ್ಞಾನಿಯೇ ಹೇಳಿದ್ದಾರೆ. ಮೂರು, 41 ಕಿ.ಮೀ. ಎತ್ತರದಲ್ಲಿ ಇಸ್ರೋದವರಿಗೆ ಅನ್ಯಲೋಕದ ಬ್ಯಾಕ್ಟೀರಿಯಾ ಸಿಕ್ಕಿದೆ.

"ಇದೆಲ್ಲ ಸುಳ್ಳು" ಎಂದು ಒಂದೇ ಮಾತಲ್ಲಿ ತಳ್ಳಿಹಾಕಿದರೆ ಮಕ್ಕಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಪ್ರತಿಯೊಂದು ಮಾತಿನಲ್ಲಿ ನಿಜ ಎಷ್ಟು, ಯಾವ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಹುದು ಎನ್ನುವುದು ಬೇಕು. ನಮ್ಮ ಕಡೆಯೇ ಕೆಂಪು ಮಳೆ ಬಿದ್ದರೆ ಸ್ಯಾಂಪಲ್ ಹಿಡಿಯುವುದು ಹೇಗೆ ಎಂದೂ ತಿಳಿಸಿದರೆ ಉಪಕಾರ.

ಹಸಿರುಪಾಚಿ:

ಕೆಂಪು ಮಳೆ ಬಿದ್ದದ್ದು ನಿಜ, ಅದರಲ್ಲಿ ಜೀವಕೋಶಗಳಿದ್ದದ್ದೂ ನಿಜ. ಜಗಳ ಇರುವುದು ಆ ಕೋಶಗಳು ಎಲ್ಲಿಯವು ಎಂಬುದರಲ್ಲಿ ಮಾತ್ರ.

2001ರ ಜುಲೈ 25ರಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೆ ಕೋಟ್ಟಯಂ, ಇಡುಕ್ಕಿ ಸುತ್ತಮುತ್ತ ಬಿಟ್ಟುಬಿಟ್ಟು ಕೆಂಪು ಮಳೆ ಬಿತ್ತು. ಮೊದಲ ಮಳೆಗೆ ಮುಂಚೆ ದೊಡ್ಡ ಸದ್ದು ಕೇಳಿಸಿತೆಂದು ಜನ ಹೇಳಿದ್ದರಿಂದ ಉಲ್ಕೆ ಸಿಡಿಯಿತೆಂಬ ಊಹೆ ಹುಟ್ಟಿತು. ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದವರೂ ಮೊದಲು ಇದನ್ನೇ ಹೇಳಿದ್ದರು. ಕೆಲವೇ ದಿನಗಳಲ್ಲಿ ಮೈಕ್ರೋಸ್ಕೋಪ್‌ನಲ್ಲಿ ಬೀಜಕಗಳಂಥ (ಪಾಚಿ, ಶಿಲೀಂಧ್ರಗಳು ಹರಡಲು ಬಿಡುವ ಸೂಕ್ಷ್ಮ ಕೋಶ) ಕಣ ಕಂಡು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಸ್ಯಾಂಪಲನ್ನು ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಗೆ ಕೊಟ್ಟರು. ಅಲ್ಲಿ ಬೀಜಕಗಳನ್ನು ಮಾಧ್ಯಮದಲ್ಲಿ ಬೆಳೆಸಿದಾಗ ಬಂದದ್ದು ಟ್ರೆಂಟೆಪೋಲಿಯಾ ಎಂಬ ಪಾಚಿ. ಕಲ್ಲುಹೂವುಗಳೊಳಗೆ ಜೊತೆಗಾರನಾಗಿ ಇರುವುದೂ ಇದೇ ಪಾಚಿ. ಚಂಗನಾಶೇರಿಯಲ್ಲಿ ಸ್ಥಳ ಪರಿಶೀಲನೆ ಮಾಡಿದಾಗ ಮರ, ಬಂಡೆ, ದೀಪದ ಕಂಬಗಳ ಮೇಲೆಲ್ಲ ಅದು ದಟ್ಟವಾಗಿ ಬೆಳೆದಿತ್ತು. ಎರಡೂ ಸಂಸ್ಥೆಗಳ ಜಂಟಿ ವರದಿ ಅದೇ ವರ್ಷದ ನವೆಂಬರ್‌ನಲ್ಲಿ ಬಂತು.

ಕೋಟ್ಟಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಗಾಡ್‌ಫ್ರೆ ಲೂಯಿಸ್ ಮತ್ತು ಎ. ಸಂತೋಷ್ ಕುಮಾರ್ ಉಲ್ಕೆಯ ವಾದವನ್ನು ಬಿಡಲಿಲ್ಲ. 2006ರಲ್ಲಿ ಒಂದು ಖಗೋಳ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಅವರ ವಾದಕ್ಕೆ ಮೂರು ಕಂಬ.

ಮೊದಲನೆಯದು ಪ್ರಮಾಣ. ಒಟ್ಟು 50,000 ಕೆ.ಜಿ. ಕೆಂಪು ಕಣ ಬಿತ್ತು, ಇಷ್ಟೊಂದು ಬೀಜಕ ಎಲ್ಲಿಂದ ಬರಲು ಸಾಧ್ಯ ಎಂಬ ಪ್ರಶ್ನೆ. ಆದರೆ ಈ ಸಂಖ್ಯೆ ತೂಗಿದ್ದಲ್ಲ, ಗುಣಿಸಿದ್ದು. ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ: 1 ಚದರ ಕಿ.ಮೀ. ಮೇಲೆ 5 ಮಿ.ಮೀ. ಮಳೆ ಅಂದರೆ 50 ಲಕ್ಷ ಲೀಟರ್. ಲೀಟರಿಗೆ 100 ಮಿ.ಗ್ರಾಂ ಕಣ ಎಂದು ಹಿಡಿದರೆ 500 ಕೆ.ಜಿ. ಇಂಥ ನೂರು ಮಳೆ ಆಯಿತೆಂದರೆ 50,000 ಕೆ.ಜಿ. ವಿಸ್ತೀರ್ಣ, ಮಳೆಯ ಆಳ, ಸಾಂದ್ರತೆ, ಎಷ್ಟು ಸಲ ಎನ್ನುವ ನಾಲ್ಕು ಅಂದಾಜುಗಳ ಗುಣಲಬ್ಧ ಇದು. ಒಂದೊಂದನ್ನೂ ಮೂರರಲ್ಲೊಂದು ಪಾಲು ಮಾಡಿ ನೋಡಿ, ಉತ್ತರ 600 ಕೆ.ಜಿ. ಆಸುಪಾಸಿಗೆ ಇಳಿಯುತ್ತದೆ. ಗಾಢ ಬಣ್ಣದ ಒಂದು ಸ್ಯಾಂಪಲಿನ ಸಾಂದ್ರತೆಯನ್ನು ಎಲ್ಲ ಮಳೆಗೂ ಹಚ್ಚಿದರೆ ಲೆಕ್ಕ ಉಬ್ಬುವುದು ಸಹಜ.

ಎರಡನೆಯದು ಡಿಎನ್‌ಎ ಇಲ್ಲ ಎಂಬ ಮಾತು. ಡಿಎನ್‌ಎಗೆ ಅಂಟಿ ಹೊಳೆಯುವ ಎಥಿಡಿಯಂ ಬ್ರೋಮೈಡ್ ಬಣ್ಣ ಹಿಡಿಯಲಿಲ್ಲ ಎನ್ನುವುದು ಇದಕ್ಕೆ ಆಧಾರ. ಟ್ರೆಂಟೆಪೋಲಿಯಾದ ಕೋಶಭಿತ್ತಿ ಬಲು ದಪ್ಪ, ಒಳಗೆ ಕ್ಯಾರೊಟಿನ್ ಎಂಬ ಕಿತ್ತಳೆ ಬಣ್ಣದ ವಸ್ತುವಿರುವ ಎಣ್ಣೆಯ ಹನಿಗಳು ತುಂಬಿರುತ್ತವೆ. ಭಿತ್ತಿ ಒಡೆಯದಿದ್ದರೆ ಬಣ್ಣ ಒಳಗೇ ಹೋಗುವುದಿಲ್ಲ. ಹಾಗಾಗಿ "ಸಿಗಲಿಲ್ಲ" ಮತ್ತು "ಇಲ್ಲ" ಇವೆರಡನ್ನು ಬೇರೆ ಮಾಡಲು ಒಂದೇ ದಾರಿ: ಗೊತ್ತಿರುವ ಟ್ರೆಂಟೆಪೋಲಿಯಾವನ್ನು ಮರದಿಂದ ಕೆರೆದು ತಂದು, ಅದೇ ದಿನ ಅದೇ ವಿಧಾನದಲ್ಲಿ ಪರೀಕ್ಷಿಸಬೇಕು. ಅದರಲ್ಲೂ ಏನೂ ಕಾಣದಿದ್ದರೆ ಸೋತದ್ದು ವಿಧಾನ. 2015ರಲ್ಲಿ ಪಂಜಾಬಿನ ಕೇಂದ್ರೀಯ ವಿಶ್ವವಿದ್ಯಾಲಯದ ಫೆಲಿಕ್ಸ್ ಬಾಸ್ಟ್ ತಂಡ ಕೇರಳದ ಕೆಂಪು ಮಳೆಯ ಪಾಚಿಯ ಡಿಎನ್‌ಎ ಓದಿ ಅದನ್ನು ಟ್ರೆಂಟೆಪೋಲಿಯಾ ಆನ್ಯುಲೇಟಾ ಎಂದು ಗುರುತಿಸಿತು. ಈ ಪ್ರಭೇದ ಯುರೋಪಿನದು, ಆಸ್ಟ್ರಿಯಾದ್ದಕ್ಕೆ ಹತ್ತಿರ ಎಂದು ಅವರು ಹೇಳಿದ್ದರಿಂದ "ಯುರೋಪಿನಿಂದ ಮೋಡದಲ್ಲಿ ಬಂತು" ಎಂದು ಪತ್ರಿಕೆಗಳು ಬರೆದವು. ಆ ಭಾಗವನ್ನು ನಾನು ಹುಷಾರಾಗಿ ಓದುತ್ತೇನೆ. ಎಂದೋ ಬಂದು ನೆಲೆಯೂರಿದ ಪ್ರಭೇದ ಆ ಮಳೆಗಾಲದಲ್ಲಿ ಸ್ಥಳೀಯವಾಗಿ ರಾಶಿ ರಾಶಿ ಬೀಜಕ ಬಿಟ್ಟಿತು ಅನ್ನುವುದೇ ಹೆಚ್ಚು ಹೊಂದುತ್ತದೆ.

ಮೂರನೆಯದು, ಕೋಶಗಳು 300 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬೆಳೆದವು ಎಂಬ ಹೇಳಿಕೆ. 2010ರ ಇನ್ನೊಂದು ಪ್ರಬಂಧದಲ್ಲಿ ಇದು 121 ಡಿಗ್ರಿಗೆ ಇಳಿಯಿತು. ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ ಎಲ್ಲವನ್ನೂ ಕೊಲ್ಲಲು ಇಡುವ ಉಷ್ಣತೆ ಇದೇ. ಸಂಬಂಧವಿಲ್ಲದ ಬೇರೆ ಲ್ಯಾಬಿನಲ್ಲಿ ಇದು ಮರುಕಳಿಸಿ ಸ್ಥಿರಪಟ್ಟಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಗಾಳಿಯದು. ಜುಲೈನಲ್ಲಿ ದಕ್ಷಿಣ ಭಾರತದ ಮೇಲೆ 14-16 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೆಟ್ ಗಾಳಿ ಬೀಸುತ್ತದೆ, ಸೆಕೆಂಡಿಗೆ 30 ಮೀಟರ್ ಅಂದರೂ ದಿನಕ್ಕೆ 2,500 ಕಿ.ಮೀ. ದಾಟಿತು. ಅಲ್ಲಿ ಸಿಡಿದ ಉಲ್ಕೆಯ ದೂಳು ಮರುದಿನ ಅರಬ್ಬೀ ಸಮುದ್ರದ ಆಚೆ ದಡದ ಕಡೆ ಇರಬೇಕು. ಎರಡು ತಿಂಗಳು ಕೋಟ್ಟಯಂ ಮೇಲೆಯೇ ನಿಂತು ತುಂತುರಾಗಿ ಬೀಳಲು ಸಾಧ್ಯವೇ ಇಲ್ಲ.

ಸೋಂಕುಜಾಡು:

ಎರಡನೇ ಮಾತಿಗೆ ನನ್ನ ಉತ್ತರ. ಹಾಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ 1970ರ ದಶಕದ ಕೊನೆಯಲ್ಲಿ ಈ ವಾದ ಮುಂದಿಟ್ಟರು. 1979ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ನಕ್ಷತ್ರಗಳೊಳಗೆ ಇಂಗಾಲದಂಥ ಮೂಲವಸ್ತುಗಳು ಹುಟ್ಟುವುದು ಹೇಗೆ ಎಂಬ ಹಾಯ್ಲ್‌ರ ಕೆಲಸ ನಿಜಕ್ಕೂ ಎತ್ತರದ್ದು. ಅದನ್ನು ಒಪ್ಪಿಕೊಂಡೇ ಫ್ಲೂ ವಾದವನ್ನು ಬೇರೆಯಾಗಿ ತೂಗಬೇಕು.

ಅವರ ಮುಖ್ಯ ಸಾಕ್ಷ್ಯ: 1918ರ ಮಾರಕ ಅಲೆ ಬೋಸ್ಟನ್ ಮತ್ತು ಮುಂಬಯಿಯಲ್ಲಿ ಒಂದೇ ದಿನ ಕಾಣಿಸಿತು, ಆದರೆ ಬೋಸ್ಟನ್‌ನಿಂದ ಪಕ್ಕದ ನ್ಯೂಯಾರ್ಕಿಗೆ ಹೋಗಲು ಮೂರು ವಾರ ಹಿಡಿಯಿತು; ಆದ್ದರಿಂದ ಇದು ಮನುಷ್ಯರಿಂದ ಹರಡಿದ್ದಲ್ಲ, ಮೇಲಿನಿಂದ ಸುರಿದದ್ದು. ಕೇಳಲು ಬಲವಾಗಿದೆ. ಆದರೆ ಮುಂಬಯಿಗೆ ಮೊದಲ ಅಲೆ ಜೂನ್‌ನಲ್ಲೇ ಬಂದಾಗಿತ್ತು, ಅಲ್ಲಿಂದ ರೈಲು ಹಳಿಯ ಗುಂಟ ಒಳನಾಡಿಗೆ ಇಳಿದಿತ್ತು. ಆಗಸ್ಟ್ ಕೊನೆಯಲ್ಲಿ ಮಾರಕ ರೂಪ ಹೆಚ್ಚುಕಡಿಮೆ ಒಟ್ಟಿಗೆ ಕಾಣಿಸಿದ್ದು ಬೋಸ್ಟನ್, ಫ್ರಾನ್ಸಿನ ಬ್ರೆಸ್ಟ್, ಆಫ್ರಿಕಾದ ಫ್ರೀಟೌನ್‌ಗಳಲ್ಲಿ. ಮೂರೂ ಸೈನ್ಯದ ಹಡಗು ನಿಲ್ಲುವ ಬಂದರುಗಳು. ಆಕಾಶದಿಂದ ಬೀಳುವುದಕ್ಕೆ ಬಂದರನ್ನೇ ಆರಿಸಿಕೊಳ್ಳುವ ಕಾರಣವಿಲ್ಲ.

ತರಗತಿಯಲ್ಲಿ ಒಂದೇ ಉದಾಹರಣೆ ಕೊಡಲು ಸಮಯವಿದ್ದರೆ ಸಮೋವಾ ದ್ವೀಪಗಳದ್ದನ್ನು ಕೊಡಿ. 1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ಬಂದ ತಲುನೆ ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಸೇರಿತು. ರೋಗಿಗಳಿದ್ದರೂ ಇಳಿಯಲು ಬಿಟ್ಟರು. ಕೆಲವೇ ವಾರಗಳಲ್ಲಿ ಸುಮಾರು 38,000 ಜನಸಂಖ್ಯೆಯಲ್ಲಿ 8,500ರಷ್ಟು ಜನ ಸತ್ತರು. ನೂರು ಕಿ.ಮೀ. ಆಸುಪಾಸಿನಲ್ಲಿರುವ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪಾಯರ್ ಹಡಗುಗಳನ್ನು ಕಟ್ಟುನಿಟ್ಟಾಗಿ ತಡೆದರು. ಅಲ್ಲಿ ಫ್ಲೂನಿಂದ ಒಂದೂ ಸಾವಿಲ್ಲ. ಅದೇ ಆಕಾಶ, ಅದೇ ಮಳೆ, ಅದೇ ಗಾಳಿ. ಎರಡು ದ್ವೀಪಗಳ ನಡುವೆ ಬೇರೆಯಾಗಿದ್ದದ್ದು ಬಂದರಿನ ನಿಯಮ ಮಾತ್ರ.

ಅವರ ಇನ್ನೊಂದು ಸಾಕ್ಷ್ಯ 1977-78ರ ಫ್ಲೂ. ಬ್ರಿಟನ್ನಿನ ವಸತಿ ಶಾಲೆಗಳಲ್ಲಿ ಸಮೀಕ್ಷೆ ಮಾಡಿ, ಒಂದು ಹಾಸ್ಟೆಲಿನಲ್ಲಿ ಬಹಳ ಮಂದಿಗೆ ಬಂದು ಪಕ್ಕದ್ದರಲ್ಲಿ ಯಾರಿಗೂ ಬಾರದಂತೆ ಚೆಲ್ಲಾಪಿಲ್ಲಿಯಾಗಿದೆ, ಇದು ಸೋಂಕಿನ ಲಕ್ಷಣವಲ್ಲ ಎಂದರು. ಇಲ್ಲೇ ಅವರು ಎಡವಿದ್ದು. ಸೋಂಕು ಸಮನಾಗಿ ಹರಡುವುದಿಲ್ಲ. ಕೆಲವೇ ರೋಗಿಗಳು ಬಹಳ ಜನಕ್ಕೆ ಅಂಟಿಸುತ್ತಾರೆ, ಬಹುಪಾಲು ಮಂದಿ ಯಾರಿಗೂ ಅಂಟಿಸುವುದಿಲ್ಲ. ಒಂದು ಹಾಸ್ಟೆಲ್ ತಪ್ಪಿಸಿಕೊಳ್ಳುವುದು ನಿರೀಕ್ಷಿತವೇ. ಅದಕ್ಕಿಂತ ಮುಖ್ಯವಾದದ್ದು, ಆ ವರ್ಷದ ಎಚ್1ಎನ್1 ವೈರಸ್ 1950ರ ಸುಮಾರಿಗೆ ಮನುಷ್ಯರಲ್ಲಿ ಓಡಾಡುತ್ತಿದ್ದ ತಳಿಗೆ ಬಹುತೇಕ ಅಚ್ಚೊತ್ತಿದಂತಿತ್ತು. ಹಾಗಾಗಿಯೇ ರೋಗ ತಗುಲಿದ್ದು ಹೆಚ್ಚಾಗಿ 25ರೊಳಗಿನವರಿಗೆ. ದೊಡ್ಡವರಲ್ಲಿ ಹಳೆಯ ರೋಗನಿರೋಧಕ ಶಕ್ತಿ ಇತ್ತು. ಎಲ್ಲೋ ಶೀತಲೀಕರಣದಲ್ಲಿ ಉಳಿದಿದ್ದ ತಳಿ ಮತ್ತೆ ಹೊರಬಂತೆಂಬ ಅನುಮಾನ ಬಲವಾಗಿರುವುದು ಇದೇ ಕಾರಣಕ್ಕೆ. ಧೂಮಕೇತು 27 ವರ್ಷ ಹಿಂದಿನ ಮನುಷ್ಯರ ಫ್ಲೂವನ್ನೇ ತಂದು ಸುರಿಯಿತೆಂದು ನಂಬುವುದು ಕಷ್ಟ.

ಸಾರ್ಸ್ ಬಗ್ಗೆ 2003ರಲ್ಲಿ ವಿಕ್ರಮಸಿಂಘೆ, ಸೂಕ್ಷ್ಮಜೀವಿ ವಿಜ್ಞಾನಿ ಮಿಲ್ಟನ್ ವೇನ್‌ರೈಟ್, ನಮ್ಮ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮೂವರೂ ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಬಾಹ್ಯಾಕಾಶದಿಂದ ದಿನಕ್ಕೆ ಒಂದು ಟನ್ ಬ್ಯಾಕ್ಟೀರಿಯಾ, ಅಂದರೆ ಚದರ ಮೀಟರಿಗೆ 20,000ದಷ್ಟು ಬೀಳುತ್ತದೆ ಎಂಬ ಅಂದಾಜು ಅದರಲ್ಲಿತ್ತು. ಇದರ ಪಕ್ಕದಲ್ಲಿ 2018ರಲ್ಲಿ ಪ್ರಕಟವಾದ ನಿಜವಾದ ಅಳತೆ ಇಟ್ಟು ನೋಡಿ: ಸ್ಪೇನಿನ ಸಿಯೆರಾ ನೆವಾಡಾ ಬೆಟ್ಟದ ಮೇಲೆ ಚದರ ಮೀಟರಿಗೆ ದಿನಕ್ಕೆ 26 ಕೋಟಿಯಿಂದ 700 ಕೋಟಿ ವೈರಸ್, 30 ಲಕ್ಷದಿಂದ 8 ಕೋಟಿ ಬ್ಯಾಕ್ಟೀರಿಯಾ ಬೀಳುತ್ತವೆ. ಎಲ್ಲವೂ ಸಮುದ್ರದ ತುಂತುರು ಮತ್ತು ಮರುಭೂಮಿಯ ದೂಳಿನ ಜೊತೆ ಇಲ್ಲಿಂದಲೇ ಮೇಲೇರಿದ್ದು. ಆಕಾಶದಿಂದ ಸೂಕ್ಷ್ಮಜೀವಿ ಬೀಳುವುದು ನಿಜ, ಅವು ನೆಲದವೇ.

ಕೋವಿಡ್‌ಗೆ ವಿಕ್ರಮಸಿಂಘೆ ಕೊಟ್ಟ ಕಾರಣ 2019ರ ಅಕ್ಟೋಬರ್ 11ರಂದು ಈಶಾನ್ಯ ಚೀನಾದ ಸೊಂಗ್ಯುವಾನ್ ಮೇಲೆ ಉರಿದ ಉಲ್ಕೆ. ಅಲ್ಲಿಂದ ವುಹಾನ್‌ಗೆ ಸುಮಾರು 1,800 ಕಿ.ಮೀ. ದೂರ. ಚೀನಾದ ಯುನ್ನಾನ್‌ನ ಬಾವಲಿಯಲ್ಲಿ 2013ರಲ್ಲಿ ಹಿಡಿದ ವೈರಸ್ ಕೋವಿಡ್ ವೈರಸ್‌ಗೆ ಶೇ. 96.2 ಹೋಲುತ್ತದೆ, ಲಾವೋಸ್‌ನ ಬಾವಲಿಯದು ಶೇ. 96.8. ಕೋವಿಡ್ ಮನುಷ್ಯರಿಗೆ ಮೊದಲು ದಾಟಿದ್ದು ಹೇಗೆ ಎಂಬ ವಾಗ್ವಾದ ಇನ್ನೂ ನಡೆದಿದೆ, ಆದರೆ ಅದು ಬಾವಲಿ ವೈರಸ್‌ಗಳ ವಂಶಕ್ಕೆ ಸೇರಿದ್ದರಲ್ಲಿ ಸಂಶಯವಿಲ್ಲ.

ಆಕಾಶಗಂಗೆ:

ಒಂದು ಆಕ್ಷೇಪ. ಪ್ಯಾನ್‌ಸ್ಪರ್ಮಿಯಾ (ಜೀವ ಬಾಹ್ಯಾಕಾಶದಿಂದ ಬಂತೆಂಬ ವಾದ) ಅಂದ ಕೂಡಲೇ ಎಲ್ಲವನ್ನೂ ಒಂದೇ ಗಂಟು ಕಟ್ಟುವುದು ಸರಿಯಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮೈನೋ ಆಮ್ಲ ಸಿಕ್ಕಿವೆ. ರ್‍ಯುಗು, ಬೆನ್ನು ಕ್ಷುದ್ರಗ್ರಹಗಳಿಂದ ನೇರವಾಗಿ ತಂದ ಮಾದರಿಯಲ್ಲೂ ಇವೆ. ಜೀವಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಹೊರಗಿನಿಂದ ಬಂತೆನ್ನುವುದು ಗೌರವದ ವಿಜ್ಞಾನ. ಮಕ್ಕಳಿಗೆ ಇದನ್ನೂ ಹೇಳಬೇಕು.

ಸೋಂಕುಜಾಡು:

@ಆಕಾಶಗಂಗೆ, ಖಂಡಿತ ಹೇಳಬೇಕು, ಆದರೆ ನಡುವೆ ಗೆರೆ ಎಳೆದು. ಅಮೈನೋ ಆಮ್ಲ ಬರೀ ರಾಸಾಯನಿಕ. ಯಾವ ಜೀವಿಯ ನೆರವೂ ಇಲ್ಲದೆ ಉಂಟಾಗಬಲ್ಲದು. ವೈರಸ್ ಹಾಗಲ್ಲ. ಫ್ಲೂ ವೈರಸ್ ನಮ್ಮ ಶ್ವಾಸನಾಳದ ಕೋಶದ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಗೇ ಅಂಟಿಕೊಳ್ಳಬೇಕು, ನಮ್ಮ ಕೋಶದ ರೈಬೋಸೋಮಿನಿಂದಲೇ ತನ್ನ ಪ್ರೋಟೀನು ಮಾಡಿಸಿಕೊಳ್ಳಬೇಕು. ಆತಿಥೇಯ ಜೀವಿಯ ಜೊತೆಜೊತೆಗೆ ಬೆಳೆದು ಬಂದದ್ದಕ್ಕೆ ಮಾತ್ರ ಈ ಹೊಂದಾಣಿಕೆ ಸಿಗುತ್ತದೆ.

ನೆಲಮುಗಿಲು:

ಬಹಳ ಉಪಕಾರವಾಯಿತು. ಇಸ್ರೋ ಬಲೂನಿನ ವಿಷಯ ಉಳಿಯಿತು. ಅದು ಸರ್ಕಾರಿ ಸಂಸ್ಥೆಯೇ ಪ್ರಕಟಿಸಿದ್ದಾದ್ದರಿಂದ ಮಕ್ಕಳು ಅದನ್ನೇ ಹಿಡಿದು ಕೂರುತ್ತಾರೆ.

ಮೇಲ್ಗಾಳಿ:

ಪ್ರಯೋಗ ನಡೆದದ್ದು ನಿಜ, ಅಚ್ಚುಕಟ್ಟಾಗಿಯೂ ನಡೆದಿದೆ. ಹೈದರಾಬಾದಿನ ರಾಷ್ಟ್ರೀಯ ಬಲೂನ್ ಕೇಂದ್ರದಿಂದ 2.67 ಕೋಟಿ ಘನ ಅಡಿ ಗಾತ್ರದ ಬಲೂನು 459 ಕೆ.ಜಿ. ಉಪಕರಣ ಹೊತ್ತು ಹಾರಿತು. ಅದರಲ್ಲಿ ಕ್ರಿಮಿಶುದ್ಧ ಮಾಡಿ ಗಾಳಿ ಹೀರಿ ತೆಗೆದ 16 ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳು, 38 ಕೆ.ಜಿ. ದ್ರವ ನಿಯಾನ್‌ನಲ್ಲಿ ಮುಳುಗಿಸಿಟ್ಟದ್ದು. ಅಷ್ಟು ಚಳಿಗೆ ಕೊಳವೆ ಬಾಯಿ ತೆರೆದರೆ ಹೊರಗಿನ ತೆಳು ಗಾಳಿ ಒಳನುಗ್ಗಿ ಹೆಪ್ಪುಗಟ್ಟುತ್ತದೆ, ಬೇರೆ ಪಂಪು ಬೇಕಿಲ್ಲ. 20ರಿಂದ 41 ಕಿ.ಮೀ.ವರೆಗೆ ಬೇರೆ ಬೇರೆ ಎತ್ತರದ ಗಾಳಿ ಹಿಡಿದು ಪ್ಯಾರಾಶೂಟಿನಲ್ಲಿ ಇಳಿಸಿ, ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಮತ್ತು ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ಎರಡರಲ್ಲೂ ಪ್ರತ್ಯೇಕವಾಗಿ ಪರೀಕ್ಷಿಸಿದರು.

ಸಿಕ್ಕಿದ್ದು 12 ಬ್ಯಾಕ್ಟೀರಿಯಾ, 6 ಶಿಲೀಂಧ್ರ ಕಾಲೊನಿ. ಬ್ಯಾಕ್ಟೀರಿಯಾಗಳಲ್ಲಿ ಒಂಬತ್ತು ಭೂಮಿಯ ಗೊತ್ತಿರುವ ಪ್ರಭೇದಗಳಿಗೆ ಶೇ. 98ಕ್ಕಿಂತ ಹೆಚ್ಚು ಹೋಲಿದವು. ಮೂರು ಹೊಸವು: ಜಾನಿಬ್ಯಾಕ್ಟರ್ ಹಾಯ್ಲೈ, ಬ್ಯಾಸಿಲಸ್ ಇಸ್ರೋನೆನ್ಸಿಸ್, ಬ್ಯಾಸಿಲಸ್ ಆರ್ಯಭಟ. 2009ರಲ್ಲಿ ಪ್ರಕಟಿಸಿದಾಗ ಇಸ್ರೋ ಇದು ಭೂಮ್ಯತೀತ ಮೂಲವನ್ನು ಖಚಿತವಾಗಿ ಸ್ಥಾಪಿಸುವುದಿಲ್ಲ ಎಂದೇ ಹೇಳಿತ್ತು. ಫಾರ್ವರ್ಡ್ ಬರೆದವರು ಆ ಸಾಲನ್ನು ಬಿಟ್ಟಿದ್ದಾರೆ.

"ಹೊಸ ಪ್ರಭೇದ" ಅಂದರೆ "ಹೊರಗಿನ ಪ್ರಭೇದ" ಅಲ್ಲ. ಹೊಲದ ಮಣ್ಣಿನಲ್ಲಿ ಇನ್ನೂ ಹೆಸರಿಡದ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ಜಾನಿಬ್ಯಾಕ್ಟರ್ ಕುಲದ ಮೊದಲ ಪ್ರಭೇದವನ್ನು 1997ರಲ್ಲಿ ವರ್ಣಿಸಿದ್ದು ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರಿನಿಂದ. ಮೂರಕ್ಕೂ ಅತಿನೇರಳೆ ಕಿರಣ ತಡೆಯುವ ಶಕ್ತಿ ಹೆಚ್ಚಿತ್ತು ಎನ್ನುವುದನ್ನೂ ಸಾಕ್ಷ್ಯವೆಂದು ತೋರಿಸುತ್ತಾರೆ. ಓಜೋನ್ ಪದರದ ಮೇಲೆ ಆ ಶಕ್ತಿ ಇಲ್ಲದವು ಸತ್ತಿರುತ್ತವೆ; ಜೀವಂತ ಹಿಡಿದದ್ದರಲ್ಲೆಲ್ಲ ಅದು ಇರಲೇಬೇಕು. ಹೊರಗಿನದೆಂದು ಒಪ್ಪಬೇಕಾದರೆ ಇಲ್ಲಿನ ವಂಶವೃಕ್ಷದಲ್ಲಿ ಎಲ್ಲೂ ಕೂರದ ಜೀನ್, ಬೇರೆ ಬಗೆಯ ಅನುವಂಶಿಕ ಸಂಕೇತ, ಅಥವಾ ಭೂಮಿಗೆ ಹೊಂದದ ಐಸೋಟೋಪ್ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು) ಅನುಪಾತ ಸಿಗಬೇಕು. ಮೂರರಲ್ಲಿ ಒಂದೂ ಸಿಕ್ಕಿಲ್ಲ.

ಕಾನುಮನೆ:

ಕರ್ನಾಟಕದ್ದೇ ಒಂದು ಉದಾಹರಣೆ ಸೇರಿಸಿಕೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನಕ್ಕೂ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪ್ರತ್ಯೇಕಿಸಿದ ವೈರಸ್ ರಷ್ಯಾದ ಉಣುಗು ಜ್ವರದ ವೈರಸ್‌ಗೆ ಹತ್ತಿರವಿತ್ತು. ಸೈಬೀರಿಯಾದಿಂದ ವಲಸೆ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೆಂಬ ಊಹೆ ಎದ್ದಿತು. ಆ ಊಹೆಯನ್ನು ಸುಮ್ಮನೆ ನಂಬಲೂ ಇಲ್ಲ, ಬಿಡಲೂ ಇಲ್ಲ. ಉಣುಗು, ಇಲಿ, ಮಂಗ, ಹಕ್ಕಿ ಒಂದೊಂದನ್ನೂ ಹಿಡಿದು ಪರೀಕ್ಷಿಸಿದರು. ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಸ್ಥಳೀಯ ಉಣುಗೇ ಮುಖ್ಯ ವಾಹಕ, ಕಾಡಿನ ಸಣ್ಣ ಪ್ರಾಣಿಗಳಲ್ಲಿ ವೈರಸ್ ಉಳಿಯುತ್ತದೆ ಎಂದು ಹಾಗೆ ಗೊತ್ತಾಯಿತು. ಸತ್ತ ಮಂಗದ ಸುತ್ತಲಿನ ಜಾಗಕ್ಕೆ ಹೋಗಬೇಡಿ, ಮೈಗೆ ಉಣುಗು ನಿರೋಧಕ ಎಣ್ಣೆ ಹಚ್ಚಿಕೊಳ್ಳಿ ಎಂದು ಮಲೆನಾಡಿನಲ್ಲಿ ಹೇಳುವುದು ಈ ಕೆಲಸದ ಫಲ. ರೋಗದ ಮೂಲ ತಪ್ಪು ಹೇಳಿದರೆ ಎಚ್ಚರಿಕೆಯೂ ತಪ್ಪಾಗುತ್ತದೆ. ಧೂಮಕೇತು ಎಂದು ಕೂತಿದ್ದರೆ ಉಣುಗನ್ನು ಯಾರೂ ನೋಡುತ್ತಿರಲಿಲ್ಲ.

ಹಸಿರುಪಾಚಿ:

ಕೊನೆಗೆ ಸ್ಯಾಂಪಲ್ ವಿಷಯ. ಕರಾವಳಿ, ಮಲೆನಾಡಿನಲ್ಲಿ ಮಳೆನೀರು ಕೆಂಪಾಗಲು ಮೂರು ಸಾಮಾನ್ಯ ಕಾರಣ: ಜಂಬಿಟ್ಟಿಗೆ ಮಣ್ಣಿನ ದೂಳು, ತಗಡಿನ ತುಕ್ಕು, ಪಾಚಿ. ಆದ್ದರಿಂದ ಸೂರಿನ ನೀರು, ಹೆಂಚಿನ ನೀರು, ಮರದ ಕೆಳಗಿನ ನೀರು ಹಿಡಿಯಲೇಬೇಡಿ. ಬಯಲಲ್ಲಿ ಒಂದು ಮೀಟರ್ ಎತ್ತರದ ಸ್ಟೂಲಿನ ಮೇಲೆ, ಬಿಸಿನೀರಲ್ಲಿ ತೊಳೆದು ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿದ ಅಗಲ ಬಾಯಿಯ ಗಾಜಿನ ಅಥವಾ ಸ್ಟೀಲ್ ಪಾತ್ರೆ ಇಡಿ. ನೆಲದ ಮೇಲಿಟ್ಟರೆ ಹನಿ ಸಿಡಿದು ಮಣ್ಣು ಒಳಗೆ ಬೀಳುತ್ತದೆ. ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರ್ ತುಂಬಿ ಮುಚ್ಚಿದ ಇನ್ನೊಂದು ಪಾತ್ರೆ ಇರಲಿ, ಮುಂದಿನ ಪ್ರತಿ ಹಂತಕ್ಕೂ ಅದನ್ನು ಜೊತೆಗೆ ಒಯ್ಯಿರಿ. ಅದರಲ್ಲೂ ಕೆಂಪು ಕಣ ಕಂಡರೆ ತಪ್ಪು ನಿಮ್ಮ ಪಾತ್ರೆಯದೋ ಕೈಯದೋ.

ಅರ್ಧ ಲೀಟರ್ ಸಿಕ್ಕರೆ ಮೂರು ಪಾಲು ಮಾಡಿ. ಒಂದನ್ನು ಏನೂ ಬೆರೆಸದೆ, ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತಿ 4 ಡಿಗ್ರಿಯ ಫ್ರಿಜ್ಜಿನಲ್ಲಿ ಇಡಿ. ಬಿಸಿಲಿಗೆ ಕ್ಯಾರೊಟಿನ್ ಬಣ್ಣ ಮಾಸುತ್ತದೆ. ಇನ್ನೊಂದಕ್ಕೆ 100 ಮಿ.ಲೀ.ಗೆ 1 ಮಿ.ಲೀ. ಲೂಗೋಲ್ ಅಯೋಡಿನ್ ಹಾಕಿ, ಆಕಾರ ನೋಡಲು ಇದು. ಅಯೋಡಿನ್ ಕೋಶಗಳನ್ನು ಕಂದು ಮಾಡುವುದರಿಂದ ಬಣ್ಣದ ಬಗ್ಗೆ ಈ ಪಾಲಿನಿಂದ ಏನೂ ಹೇಳಬೇಡಿ. ಮೂರನೆಯದನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಫಿಲ್ಟರನ್ನು ಶುದ್ಧ ಆಲ್ಕೋಹಾಲಿನಲ್ಲಿ ಮುಳುಗಿಸಿ ಫ್ರೀಜರಿನಲ್ಲಿಡಿ, ಡಿಎನ್‌ಎ ಪರೀಕ್ಷೆಗೆ ಬೇಕಾಗುತ್ತದೆ. ಇದಕ್ಕೆ ಫಾರ್ಮಲಿನ್ ಸೋಂಕಿಸಬಾರದು, ಡಿಎನ್‌ಎ ಕೆಡುತ್ತದೆ.

ತಳ ಕಟ್ಟುವ ವೇಗ ನೋಡಿ ಮಣ್ಣೋ ಪಾಚಿಯೋ ಎಂದು ತೀರ್ಮಾನಿಸಬೇಡಿ. 10 ಮೈಕ್ರಾನಿನ ಬೀಜಕ, 2 ಮೈಕ್ರಾನಿನ ಜೇಡಿ ಕಣ ಎರಡೂ ನೀರಿನಲ್ಲಿ ಗಂಟೆಗೆ ಸುಮಾರು 1 ಸೆಂ.ಮೀ. ಇಳಿಯುತ್ತವೆ. ಬದಲಿಗೆ ತಳದ ಕೆಂಪು ಕೆಸರು ಒಣಗಿಸಿ ಎರಡು ಮಿ.ಲೀ. ಅಸಿಟೋನಿನಲ್ಲಿ ಅರೆಯಿರಿ (ಬೆಂಕಿ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ). ಪಾಚಿಯಾದರೆ ದ್ರವ ಹಳದಿ-ಕಿತ್ತಳೆಗೆ ತಿರುಗಿ ಪುಡಿ ಪೇಲವವಾಗುತ್ತದೆ. ಮಣ್ಣು, ತುಕ್ಕಾದರೆ ದ್ರವ ನೀರಿನಂತೆಯೇ ಉಳಿದು ಪುಡಿ ಕೆಂಪಾಗಿಯೇ ಇರುತ್ತದೆ. ಸರಿಯಾಗಿ ಅರೆಯದಿದ್ದರೆ ಪಾಚಿಯೂ ಬಣ್ಣ ಬಿಡುವುದಿಲ್ಲ, ದಪ್ಪ ಭಿತ್ತಿಯ ಕಾಟ ಇಲ್ಲೂ ಇದೆ. ಒಂದು ಚಿಟಿಕೆ ತೊಳೆದ ನುಣ್ಣನೆ ಮರಳು ಸೇರಿಸಿ ಅರೆದರೆ ಆಗುತ್ತದೆ. ಪಕ್ಕದಲ್ಲಿ ಇನ್ನೊಂದು ಪಿಂಗಾಣಿ ಬಟ್ಟಲಲ್ಲಿ, ಮರದ ಕಾಂಡದ ಮೇಲೆ ಮಳೆಗಾಲದಲ್ಲಿ ಕಿತ್ತಳೆ ಮಖಮಲ್ಲಿನಂತೆ ಹಬ್ಬುವ ಪದರವನ್ನು ಬ್ಲೇಡಿನಿಂದ ಕೆರೆದು ಅದೇ ರೀತಿ ಅರೆಯಿರಿ. ಅದು ಬಹುಪಾಲು ಟ್ರೆಂಟೆಪೋಲಿಯಾವೇ. ಎರಡರ ಬಣ್ಣ ಹೋಲಿಸಿ.

ಮೈಕ್ರೋಸ್ಕೋಪ್‌ನಲ್ಲಿ 400 ಪಟ್ಟು ಸಾಕು. ಪಾಚಿ ಬೀಜಕಗಳು ಗುಂಡಗೋ ಮೊಟ್ಟೆಯಾಕಾರವೋ ಆಗಿ, ಗಾತ್ರದಲ್ಲಿ ಹೆಚ್ಚುಕಡಿಮೆ ಸಮನಾಗಿ, ದಪ್ಪ ಅಂಚಿನವಾಗಿ ಕಾಣುತ್ತವೆ. ಕೇರಳದವು 4ರಿಂದ 10 ಮೈಕ್ರಾನ್ ಇದ್ದವು. ಮಣ್ಣಿನ ಕಣ ಮೂಲೆಮೂಲೆಯಾಗಿ, ಗಾತ್ರ ಸಿಕ್ಕಾಪಟ್ಟೆ ಬೇರೆಬೇರೆಯಾಗಿ ಇರುತ್ತದೆ. ಬೆಳೆಸಿ ನೋಡುವುದಾದರೆ ಪಾಚಿಗೆ ಬೇಕಾದ ಲವಣಗಳಿರುವ ಬೋಲ್ಡ್ ಮಾಧ್ಯಮ, 25 ಡಿಗ್ರಿ, ದಿನಕ್ಕೆ 12 ಗಂಟೆ ಮೆಲು ಬೆಳಕು. ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಬೂಷ್ಟು ಹಬ್ಬಿ ಕೆಡಿಸುವುದೇ ಹೆಚ್ಚು. ಐದಾರು ತಟ್ಟೆಗಳಲ್ಲಿ ತೆಳುವಾಗಿ ಹಚ್ಚಿಡಿ, ಬೂಷ್ಟು ಕಂಡ ತಟ್ಟೆಯನ್ನು ತೆರೆಯದೆ ಹಾಗೆಯೇ ಬ್ಲೀಚ್‌ನಲ್ಲಿ ಮುಳುಗಿಸಿ.

ಡಿಎನ್‌ಎ ಕೆಲಸ ಶಾಲೆಯಲ್ಲಿ ಆಗುವುದಲ್ಲ. ಹತ್ತಿರದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಫಿಲ್ಟರ್ ಕೊಡುವಾಗ ಮುಚ್ಚಿದ ಪಾತ್ರೆಯ ಫಿಲ್ಟರನ್ನೂ, ಮರದಿಂದ ಕೆರೆದದ್ದನ್ನೂ ಜೊತೆಗೇ ಕೊಡಿ. ಡಬ್ಬಿಯ ಮೇಲೆ ತಾರೀಖು, ಮಳೆ ಶುರುವಾದ ಮತ್ತು ನಿಂತ ಹೊತ್ತು, ಜಾಗ, ಗಾಳಿ ಬೀಸಿದ ದಿಕ್ಕು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಅಳಿಸಿಹೋಗುತ್ತದೆ.